ಬೆಳಕಿನ ಮದ್ದು: ಬಾವಂಚಿ ಬೀಜದಿಂದ ಚಿನ್ನದ ಕಣದವರೆಗೆ

೧

ಹೈದರಾಬಾದು ನಗರದ ಅಬಿಡ್ಸ್ ಪೇಟೆಗೆ ಆ ಹೆಸರು ಬಂದುದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಉಡುಗೆತೊಡುಗೆಗಳನ್ನು ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ಅಬಿಡ್ ಎಂಬಾತನಿಂದ. ಅರಮನೆಯ ಸೇವೆಯಲ್ಲಿದ್ದುಕೊಂಡೇ ಆತ ತೆರೆದ ಅಂಗಡಿಯ ಹೆಸರು ಕಾಲಕ್ರಮದಲ್ಲಿ ಇಡೀ ಬಡಾವಣೆಗೆ ನಿಂತುಹೋಯಿತು. ವ್ಯಾಪಾರದಿಂದ ಹೆಸರಾದ ಈ ಸ್ಥಳದಲ್ಲಿಯೇ, ನಾಂಪಲ್ಲಿ ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ವಿದ್ಯೆಯ ಚರಿತ್ರೆಯಲ್ಲಿ ನೆನೆಯತಕ್ಕ ಒಂದು ಮನೆಯುಂಟು. ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನದ ಡಾಕ್ಟರ್ ಪದವಿ ಪಡೆದು ಹಿಂದಿರುಗಿ, ಮುಂದೆ ನಿಜಾಮ್ ಕಾಲೇಜೆಂದು ಪ್ರಸಿದ್ಧವಾದ ವಿದ್ಯಾಸಂಸ್ಥೆಗೆ ಬುನಾದಿ ಹಾಕಿದ ರಸಾಯನಶಾಸ್ತ್ರಜ್ಞ ಅಘೋರನಾಥ ಚಟ್ಟೋಪಾಧ್ಯಾಯರ ಕುಟುಂಬದ ಮನೆ ಅದು. ಅವರ ಮಗಳು ಸರೋಜಿನಿ ನಾಯಿಡು ಅವರು ೧೯೦೫ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಕವನಸಂಗ್ರಹದ ಹೆಸರೇ ಮನೆಗೂ ಬಂದು, ಅದು ಇಂದಿಗೂ ‘ಗೋಲ್ಡನ್ ಥ್ರೆಶೋಲ್ಡ್’ ಎಂದು ಕರೆಯಲ್ಪಡುತ್ತದೆ. ಹೊನ್ನಿನ ಹೊಸ್ತಿಲು ಎಂಬುದು ಅದರ ಅರ್ಥ. ೧೯೭೪ರ ಪಾರ್ಲಿಮೆಂಟಿನ ಶಾಸನದಿಂದ ಹೈದರಾಬಾದ್ ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದು ಮೊದಲು ನೆಲೆಗೊಂಡುದು ಈ ಮನೆಯಲ್ಲಿಯೇ. ಗಚ್ಚಿಬೌಲಿಯ ವಿಶಾಲವಾದ ಆವರಣಕ್ಕೆ ಅದು ಹೋದುದು ಆಮೇಲೆ.

ಅಘೋರನಾಥರಿಗೆ ರಸವಾದದಲ್ಲಿ, ಎಂದರೆ ಕೀಳು ಲೋಹವನ್ನು ಚಿನ್ನವಾಗಿಸುವ ವಿದ್ಯೆಯಲ್ಲಿ, ತೀರದ ಆಸಕ್ತಿಯಿದ್ದಿತೆಂದು ಮಗಳೇ ಬರೆದಿದ್ದಾರೆ. ಆ ಚಿನ್ನ ಯಾರ ಕೈಗೂ ಸಿಕ್ಕಲಿಲ್ಲ. ಆದರೆ ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಿ, ಅರ್ಬುದದ ಗಂತಿಯೊಳಗೆ ಸೇರಿಸಿ, ಹೊರಗಿನಿಂದ ಬೆಳಕು ಬಿಟ್ಟು ಅದನ್ನು ಸುಡುವ ವಿದ್ಯೆಯೊಂದು ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಬೆಳೆಯುತ್ತಿದೆ. ಚರ್ಮದ ಕ್ಯಾನ್ಸರಿನ ಚಿಕಿತ್ಸೆಗೆ ಇದು ವಿಶೇಷವಾಗಿ ಒಗ್ಗುವುದೆಂಬ ನಿರೀಕ್ಷೆ ಇದೆ. ಹೈದರಾಬಾದು ಮತ್ತು ಬೆಂಗಳೂರಿನ ಪ್ರಯೋಗಾಲಯಗಳೂ ಈ ಕೆಲಸದಲ್ಲಿ ಪಾಲುಗೊಂಡಿವೆ.

ಬೆಳಕಿನಿಂದ ಎಚ್ಚರಗೊಳ್ಳುವ ಔಷಧವೆಂಬ ಕಲ್ಪನೆ ಪಾಶ್ಚಾತ್ಯ ಪ್ರಯೋಗಾಲಯಗಳಲ್ಲಿ ಹುಟ್ಟಿ ಸಿದ್ಧರೂಪದಲ್ಲಿ ಈ ದೇಶಕ್ಕೆ ಬಂದುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆ ಅರ್ಧ ಮಾತ್ರ ಸರಿ. ಮದ್ದೂ ಬಿಸಿಲೂ ಒಂದುಗೂಡಿದರೆ ಚರ್ಮದಲ್ಲಿ ಏನಾಗುವುದೆಂಬುದನ್ನು ಭಾರತದ ವೈದ್ಯರು ಬಹು ಹಿಂದೆಯೇ ಕಂಡಿದ್ದರು. ಆ ಮದ್ದಿನ ಸಾರವಸ್ತುವನ್ನು ಬೇರ್ಪಡಿಸಿ ತೋರಿಸಿದವರು ಕನ್ನಡ ನಾಡಿನ ರಸಾಯನಶಾಸ್ತ್ರಜ್ಞರು. ಆದರೆ ಅದನ್ನು ಅಳತೆಗೂ ಪರೀಕ್ಷೆಗೂ ಒಳಪಡಿಸಿ ರೋಗಿಯ ಹಾಸಿಗೆಯವರೆಗೆ ತಂದ ಕೆಲಸ ಬೇರೆ ದೇಶಗಳಲ್ಲಿ ನಡೆಯಿತು. ಹೀಗೇಕಾಯಿತು ಎಂಬುದನ್ನು ತಿಳಿದುಕೊಳ್ಳದಿದ್ದರೆ ಚಿನ್ನದ ಕಣಗಳ ವಿಷಯದಲ್ಲಿಯೂ ಅದೇ ಕಥೆ ಮರುಕಳಿಸುವ ಸಂಭವವುಂಟು.

೨

ಕನ್ನಡದಲ್ಲಿ ತೊನ್ನು ಎಂದೂ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಶ್ವಿತ್ರವೆಂದೂ ಕರೆಯುವ ರೋಗ ಪ್ರಾಣಾಂತಿಕವಲ್ಲ, ಅಂಟುಜಾಡ್ಯವೂ ಅಲ್ಲ. ಆದರೂ ಮದುವೆ, ನೆಂಟಸ್ತಿಕೆ, ಪಂಕ್ತಿಭೋಜನಗಳಲ್ಲಿ ಅದು ತಂದೊಡ್ಡಿದ ಕಷ್ಟ ಅಷ್ಟಿಷ್ಟಲ್ಲ. ಈ ಕಾರಣದಿಂದಲೇ ವೈದ್ಯರ ಗಮನ ಅದರ ಕಡೆಗೆ ಬಲವಾಗಿ ಹರಿದಿತ್ತು. ಚರಕಸಂಹಿತೆಯ ಕುಷ್ಠಚಿಕಿತ್ಸೆಯ ಅಧ್ಯಾಯದಲ್ಲಿ ಶ್ವಿತ್ರದ ರೋಗಿಗೆ ಔಷಧವನ್ನು ಕುಡಿಸಿ, ಅವನ ದೇಹಶಕ್ತಿಗೆ ತಕ್ಕಷ್ಟು ಹೊತ್ತು ಬಿಸಿಲಿನಲ್ಲಿ ಇರಿಸುವ ವಿಧಿಯಿದೆ. ಔಷಧ ಮತ್ತು ಬಿಸಿಲುಗಳನ್ನು ಒಂದೇ ಚಿಕಿತ್ಸೆಯ ಎರಡು ಅಂಗಗಳಾಗಿ ಕಂಡ ಈ ಮಾತು ವೈದ್ಯಚರಿತ್ರೆಯಲ್ಲಿ ಗಮನಾರ್ಹವಾದುದು. ಈ ರೋಗಕ್ಕೆ ಬಳಸಿದ ಗಿಡಮೂಲಿಕೆಗಳಲ್ಲಿ ಮುಖ್ಯವಾದುದು ಬಾಕುಚಿ. ಕನ್ನಡ ನಾಡಿನ ಗ್ರಂಧಿಗೆ ಅಂಗಡಿಗಳಲ್ಲಿ ಅದರ ಕಪ್ಪನೆಯ ಸಣ್ಣ ಬೀಜ ಬಾವಂಚಿ ಎಂಬ ಹೆಸರಿನಿಂದ ದೊರೆಯುತ್ತದೆ.

ಇದಕ್ಕೆ ಸಮಾನವಾದ ತಿಳಿವಳಿಕೆ ನೈಲ್ ನದಿಯ ದಡದಲ್ಲಿಯೂ ಇದ್ದಿತು. ಹದಿಮೂರನೆಯ ಶತಮಾನದ ಅರಬ್ ವೈದ್ಯ ಇಬ್ನ್ ಅಲ್-ಬೈತಾರನು ಆಮ್ಮಿ ಮಾಜುಸ್ ಎಂಬ ಗಿಡದ ಬೀಜವನ್ನು ತಿನ್ನಿಸಿ ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವ ಕ್ರಮವನ್ನು ವರ್ಣಿಸಿದ್ದಾನೆ. ಅರಬ್ ಮತ್ತು ಭಾರತೀಯ ಸಂಪ್ರದಾಯಗಳೆರಡರ ಸಂಗಮವಾದ ಯುನಾನಿ ವೈದ್ಯವು ಬಾವಂಚಿಯನ್ನು ‘ಬಾಬ್ಚಿ’ ಎಂಬ ಹೆಸರಿನಿಂದ ತನ್ನದಾಗಿಸಿಕೊಂಡಿತು. ಹೈದರಾಬಾದಿನ ಎರ್ರಗಡ್ಡದಲ್ಲಿರುವ, ಚರ್ಮರೋಗಗಳಿಗಾಗಿಯೇ ಮೀಸಲಾದ ರಾಷ್ಟ್ರೀಯ ಯುನಾನಿ ಸಂಶೋಧನ ಸಂಸ್ಥೆಗೆ ತೊನ್ನಿನ ರೋಗಿಗಳು ದೂರದೂರದ ಊರುಗಳಿಂದ ಬರುತ್ತಾರೆ. ಅಲ್ಲಿ ಬಳಸುವ ಔಷಧಗಳಲ್ಲಿ ಬಾವಂಚಿ ಸೇರಿದೆ. ಲೇಪ ಹಚ್ಚಿದ ಮೇಲೆ ಬಿಸಿಲು ಕಾಯಿಸುವುದೂ ಸೇರಿದೆ.

ಹಳೆಯ ವೈದ್ಯರಿಗೆ ಪರಿಣಾಮ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. ಬೀಜದಲ್ಲಿರುವ ಯಾವ ವಸ್ತು ಬಿಸಿಲಿಗೆ ಎಚ್ಚರಗೊಳ್ಳುತ್ತದೆ? ಈ ಪ್ರಶ್ನೆಗೆ ಉತ್ತರ ಬಂದುದು ಬೆಂಗಳೂರಿನಿಂದ. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರಜ್ಞರಾದ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಅವರು ಬಾವಂಚಿ ಬೀಜಗಳ ರಾಸಾಯನಿಕ ಪರೀಕ್ಷೆಯ ಫಲವನ್ನು ೧೯೩೩ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬೇರ್ಪಡಿಸಿದ ಹರಳುವಸ್ತುವಿಗೆ ಗಿಡದ ಸಸ್ಯಶಾಸ್ತ್ರೀಯ ನಾಮವಾದ ಸೊರಾಲಿಯಾ ಎಂಬುದರಿಂದ ಸೊರಾಲೆನ್ ಎಂಬ ಹೆಸರಾಯಿತು. ಮೂರು ವರ್ಷಗಳ ಮೇಲೆ, ೧೯೩೬ರಲ್ಲಿ, ವಿಯೆನ್ನಾದ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಅರ್ನ್ಸ್ಟ್ ಸ್ಪೇತ್ ಅವರೊಡನೆ ಸೇರಿ ಮಂಜುನಾಥ್ ಮತ್ತು ಜೋಯಿಸ್ ಆ ಅಣುವಿನ ರಚನೆಯನ್ನೂ ಕೃತಕ ತಯಾರಿಕೆಯನ್ನೂ ಜರ್ಮನ್ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಇದೇ ಮಂಜುನಾಥ್ ಅವರು ಮುಂದೆ ಭಾರತದ ನೈಸರ್ಗಿಕ ಸಂಪತ್ತನ್ನು ಕುರಿತ ‘ವೆಲ್ತ್ ಆಫ್ ಇಂಡಿಯಾ’ ಎಂಬ ಮಹಾಕೋಶದ ೧೯೪೮ರ ಮೊದಲ ಸಂಪುಟದ ಸಂಪಾದಕರಾಗಿದ್ದರು. ಸೊರಾಲೆನ್ನಿನ ಹೆಸರು ಇಂದು ಜಗತ್ತಿನ ಎಲ್ಲ ಚರ್ಮವೈದ್ಯರಿಗೂ ಗೊತ್ತು. ಅದನ್ನು ಮೊದಲು ಕೈಯಲ್ಲಿ ಹಿಡಿದು ತೋರಿಸಿದವರ ಹೆಸರು ಕನ್ನಡಿಗರಲ್ಲಿಯೇ ಹೆಚ್ಚು ಮಂದಿಗೆ ಗೊತ್ತಿಲ್ಲ.

ಸೊರಾಲೆನ್ ಕೆಲಸ ಮಾಡುವ ಬಗೆ ಹೀಗೆ: ಅದು ಚಪ್ಪಟೆಯಾದ ಸಣ್ಣ ಅಣು. ಜೀವಕೋಶದ ನಡುವಿನ ಡಿ.ಎನ್.ಎ. ಎಂಬ ವಂಶವಾಹಿ ಎಳೆಯ ಮೆಟ್ಟಿಲುಗಳ ಮಧ್ಯೆ ಅದು ನುಸುಳಿ ಕೂರುತ್ತದೆ. ಕತ್ತಲಿನಲ್ಲಿ ಅದರಿಂದ ಬಾಧೆಯಿಲ್ಲ. ಸೂರ್ಯನ ಬೆಳಕಿನಲ್ಲಿರುವ ೩೨೦ರಿಂದ ೪೦೦ ನ್ಯಾನೋಮೀಟರು ಅಲೆಯುದ್ದದ ನೇರಳಾತೀತ ಕಿರಣ ತಾಗಿದೊಡನೆ ಅದು ಎಳೆಗಳೆರಡನ್ನೂ ಹೊಲಿದುಬಿಡುತ್ತದೆ. ಹೀಗೆ ಹೊಲಿಗೆ ಬಿದ್ದ ಕೋಶ ಮತ್ತೆ ಇಬ್ಭಾಗವಾಗಿ ಬೆಳೆಯಲಾರದು. ಬೆಳವಣಿಗೆಯ ಕಡಿವಾಣ ಕಳಚಿದ ಕೋಶಗಳ ರೋಗವೇ ಅರ್ಬುದವಾದುದರಿಂದ, ತೊನ್ನಿನ ಈ ಮದ್ದು ಅರ್ಬುದಕ್ಕೂ ಮದ್ದಾಗುವ ಸಾಧ್ಯತೆ ಆ ಅಣುವಿನ ಸ್ವಭಾವದಲ್ಲಿಯೇ ಅಡಗಿದ್ದಿತು.

ಆ ಸಾಧ್ಯತೆಯನ್ನು ಸಾಧಿಸಿ ತೋರಿಸಿದುದು ಬೇರೆಡೆ. ೧೯೪೮ರಲ್ಲಿ ಈಜಿಪ್ಟಿನ ಎಲ್ ಮೊಫ್ತಿ ಅವರು ಆಮ್ಮಿ ಗಿಡದಿಂದ ತೆಗೆದ ಶುದ್ಧ ವಸ್ತುವನ್ನು ತೊನ್ನಿಗೆ ಬಳಸಿದ ವರದಿ ಪ್ರಕಟಿಸಿದರು. ೧೯೭೪ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಸೊರಾಲೆನ್ನಿನ ಹತ್ತಿರದ ಬಂಧುವಾದ ಮೆಥಾಕ್ಸಲೆನ್ ಎಂಬ ವಸ್ತುವನ್ನು ನುಂಗಿಸಿ, ಅಳೆದು ಕೊಟ್ಟ ನೇರಳಾತೀತ ಕಿರಣದ ಪೆಟ್ಟಿಗೆಯೊಳಗೆ ರೋಗಿಯನ್ನು ನಿಲ್ಲಿಸಿ ಸೋರಿಯಾಸಿಸ್ ರೋಗವನ್ನು ಹತೋಟಿಗೆ ತಂದರು; ಆ ತಂಡದಲ್ಲಿ ಭಾರತೀಯ ಮೂಲದ ವಿಜ್ಞಾನಿ ಎಂ. ಎ. ಪಾಠಕ್ ಅವರೂ ಇದ್ದರು. ೧೯೭೬ರಲ್ಲಿ ಅದೇ ವಿಧಾನ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಅರ್ಬುದಕ್ಕೆ ಅನ್ವಯಿಸಲ್ಪಟ್ಟಿತು. ೧೯೮೭ರಲ್ಲಿ ಎಡೆಲ್ಸನ್ ಮತ್ತು ಸಂಗಡಿಗರು ರೋಗಿಯ ರಕ್ತದ ಬಿಳಿಕಣಗಳನ್ನು ದೇಹದ ಹೊರಗೆ ತಂದು, ಔಷಧವೂ ಕಿರಣವೂ ತಾಗುವಂತೆ ಮಾಡಿ ಹಿಂದಕ್ಕೆ ಕಳುಹಿಸುವ ಕ್ರಮವನ್ನು ಅದೇ ವರ್ಗದ ಅರ್ಬುದಕ್ಕೆ ಬಳಸಿದರು. ಮರುವರ್ಷ ಅಮೆರಿಕ ಸರಕಾರದ ಒಪ್ಪಿಗೆಯೂ ದೊರೆಯಿತು.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಚರಿತ್ರೆ ಅಪೂರ್ಣವಾಗುತ್ತದೆ. ಈ ಚಿಕಿತ್ಸೆ ಪಡೆದ ಸಾವಿರಕ್ಕೂ ಮಿಕ್ಕ ಸೋರಿಯಾಸಿಸ್ ರೋಗಿಗಳನ್ನು ಅಮೆರಿಕದ ಆರ್. ಎಸ್. ಸ್ಟರ್ನ್ ಮತ್ತು ಸಂಗಡಿಗರು ಬಿಡದೆ ಅನುಸರಿಸಿ ನೋಡಿದರು. ಅವರಲ್ಲಿ ಚರ್ಮದ ಅರ್ಬುದ ನಿರೀಕ್ಷೆಗಿಂತ ಹೆಚ್ಚಾಗಿದೆಯೆಂದು ೧೯೭೯ರಲ್ಲಿ ತಿಳಿದುಬಂದಿತು. ಒಂದು ಅರ್ಬುದವನ್ನು ತಡೆಯುವ ಮದ್ದೇ ಇನ್ನೊಂದನ್ನು ಹುಟ್ಟಿಸಬಲ್ಲುದು. ವರ್ಷಗಟ್ಟಲೆ ಲೆಕ್ಕವಿಟ್ಟು ನೋಡದಿದ್ದರೆ ಈ ಸತ್ಯ ಹೊರಬೀಳುತ್ತಿರಲಿಲ್ಲ.

೩

ಸೊರಾಲೆನ್ನಿನ ದಾರಿ ನೇರಳಾತೀತ ಕಿರಣದ ದಾರಿ. ಕಣ್ಣಿಗೆ ಕಾಣುವ ಬೆಳಕನ್ನು ಆಶ್ರಯಿಸಿದ ಇನ್ನೊಂದು ದಾರಿ ಯೂರೋಪಿನಲ್ಲಿ ತೆರೆಯಿತು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಇಂಗಾಲದ ಕಮಾನುದೀಪದ ಬೆಳಕಿನಿಂದಲೇ ಚರ್ಮದ ಕ್ಷಯವನ್ನು ವಾಸಿಮಾಡಿ ೧೯೦೩ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಅಲ್ಲಿ ಬೆಳಕು ಒಂಟಿಯಾಗಿ ಕೆಲಸ ಮಾಡಿತ್ತು. ಬಣ್ಣದ ಜೊತೆ ಸೇರಿದರೆ ಬೆಳಕಿನ ಬಲ ಹೆಚ್ಚುವುದೆಂಬುದನ್ನು ಮ್ಯೂನಿಕ್ ನಗರದ ವಿದ್ಯಾರ್ಥಿ ಆಸ್ಕರ್ ರಾಬ್ ಕಂಡುಹಿಡಿದನು. ಆಕ್ರಿಡಿನ್ ಎಂಬ ಬಣ್ಣದ ದ್ರಾವಣದಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕಿದ್ದಾಗ ಬೇಗ ಸಾಯುತ್ತವೆ, ಕತ್ತಲಿನಲ್ಲಿ ಬದುಕಿರುತ್ತವೆ ಎಂಬ ಅವನ ಬರಹ ೧೯೦೦ರಲ್ಲಿ ಹೊರಬಂದಿತು. ಅವನ ಗುರು ಹರ್ಮನ್ ಫಾನ್ ಟಪೈನರ್ ಅವರು ಜೆಸಿಯೊನೆಕ್ ಎಂಬ ಚರ್ಮವೈದ್ಯರೊಡನೆ ೧೯೦೩ರಲ್ಲಿ ಚರ್ಮದ ಅರ್ಬುದದ ಮೇಲೆ ಇಯೋಸಿನ್ ಬಣ್ಣವನ್ನು ಹಚ್ಚಿ ಬೆಳಕಿಗೊಡ್ಡಿದರು. ಈ ಕ್ರಿಯೆಗೆ ಆಮ್ಲಜನಕವೂ ಬೇಕೆಂದು ಕಂಡುಬಂದ ಮೇಲೆ ಅದಕ್ಕೆ ಫೋಟೋಡೈನಮಿಕ್ ಕ್ರಿಯೆ ಎಂಬ ಹೆಸರಿಟ್ಟವರೂ ಅವರೇ. ಬಣ್ಣ, ಬೆಳಕು, ಆಮ್ಲಜನಕ ಎಂಬ ಈ ಮೂರರಲ್ಲಿ ಒಂದು ತಪ್ಪಿದರೂ ಕೆಲಸ ನಡೆಯದು. ಬೆಳಕು ಹೀರಿದ ಬಣ್ಣದ ಅಣು ತನ್ನ ಹೆಚ್ಚಿನ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ಕ್ಷಣಾರ್ಧದಲ್ಲಿ ತನ್ನ ನೆರೆಯ ಕೋಶವನ್ನು ಕೊಂದು ತಾನೂ ತಣ್ಣಗಾಗುತ್ತದೆ. ಹೆಚ್ಚು ದೂರ ಹೋಗಲು ಅದಕ್ಕೆ ಸಮಯವೇ ಇಲ್ಲ. ಬೆಳಕು ಬಿದ್ದಲ್ಲಿ ಮಾತ್ರ ಕೊಲ್ಲುವ ಗುಣವೇ ಈ ಚಿಕಿತ್ಸೆಯ ಜೀವಾಳ.

ಮುಂದಿನ ಹೆಜ್ಜೆ ರಕ್ತದಿಂದಲೇ ದೊರೆಯುವ ಬಣ್ಣದ್ದು. ರಕ್ತದ ಕೆಂಪುವಸ್ತುವಿನಿಂದ ಪಡೆಯುವ ಹೆಮಟೋಪಾರ್ಫಿರಿನ್ನನ್ನು ಜರ್ಮನಿಯ ಫ್ರೀಡ್ರಿಚ್ ಮೇಯರ್-ಬೆಟ್ಸ್ ೧೯೧೨ರಲ್ಲಿ ತನಗೆ ತಾನೇ ಚುಚ್ಚಿಕೊಂಡು ಬಿಸಿಲಿಗೆ ಹೋಗಿ, ಮುಖ ಗುರುತು ಸಿಕ್ಕದಷ್ಟು ಬಾತುಕೊಂಡ ಪ್ರಸಂಗ ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾದುದು. ೧೯೭೮ರಲ್ಲಿ ಅಮೆರಿಕದ ಬಫಲೋ ನಗರದ ಥಾಮಸ್ ಡೌಹರ್ಟಿ ಇದೇ ಜಾತಿಯ ವಸ್ತುವನ್ನು ೨೫ ಮಂದಿ ರೋಗಿಗಳಿಗೆ ಕೊಟ್ಟು ಕೆಂಪು ಬೆಳಕು ಹಾಯಿಸಿದರು. ಚರ್ಮದಲ್ಲಿಯೂ ಅದರ ಕೆಳಗೂ ಇದ್ದ ೧೧೩ ಗಂತಿಗಳಲ್ಲಿ ೧೧೧ ಪೂರ್ಣವಾಗಿಯೋ ಭಾಗಶಃವೋ ಕರಗಿದವು. ೧೯೯೦ರಲ್ಲಿ ಕೆನಡದ ಕೆನೆಡಿ ಮತ್ತು ಪಾಟಿಯರ್ ಅವರು ಇನ್ನೂ ಸರಳವಾದ ಉಪಾಯವನ್ನು ತಂದರು. ಅಮಿನೋಲೆವುಲಿನಿಕ್ ಆಮ್ಲವೆಂಬ ವಸ್ತುವನ್ನು ಲೇಪವಾಗಿ ಹಚ್ಚಿದರೆ ರೋಗಗ್ರಸ್ತ ಕೋಶಗಳೇ ಅದರಿಂದ ಪಾರ್ಫಿರಿನ್ ಬಣ್ಣವನ್ನು ತಯಾರಿಸಿಕೊಳ್ಳುತ್ತವೆ. ಆಮೇಲೆ ಬೆಳಕು ಬಿಟ್ಟರಾಯಿತು. ಅರ್ಬುದಕ್ಕೆ ಮುನ್ಸೂಚನೆಯಾದ ಬಿಸಿಲುಗಾಯದ ಒರಟು ಮಚ್ಚೆಗಳಿಗೆ ಈ ವಿಧಾನ ೧೯೯೯ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು.

೪

ಈ ಸಾಧನೆಗಳ ಹಿಂದೆ ಒಂದು ತೊಡಕು ಉಳಿದೇ ಇದ್ದಿತು. ಹಳೆಯ ಪಾರ್ಫಿರಿನ್ನುಗಳನ್ನು ಎಚ್ಚರಿಸಲು ಬಳಸುವ ಸುಮಾರು ೬೩೦ ನ್ಯಾನೋಮೀಟರಿನ ಕೆಂಪು ಬೆಳಕು ಚರ್ಮದೊಳಗೆ ಕೆಲವೇ ಮಿಲಿಮೀಟರು ಇಳಿಯುತ್ತದೆ. ದಾರಿಯಲ್ಲಿ ರಕ್ತವೂ ಮೆಲನಿನ್ ಎಂಬ ಚರ್ಮದ ಸಹಜ ಬಣ್ಣವೂ ಅದನ್ನು ಹೀರಿಕೊಳ್ಳುತ್ತವೆ. ಅಲೆಯುದ್ದ ೭೦೦ ನ್ಯಾನೋಮೀಟರನ್ನು ದಾಟಿ ಅವಕೆಂಪಿನ ಕಡೆಗೆ ಹೋದಷ್ಟೂ ಈ ಅಡ್ಡಿ ಕಡಿಮೆ. ಆದುದರಿಂದ ಹೆಚ್ಚು ಉದ್ದದ ಅಲೆಗಳನ್ನು ಹೀರುವ ಬಣ್ಣಗಳನ್ನು ಕಟ್ಟುವುದು ರಸಾಯನಶಾಸ್ತ್ರಜ್ಞರ ಮುಂದಿದ್ದ ಕೆಲಸವಾಯಿತು. ಕಪ್ಪುಬಣ್ಣದ, ಗೋಧಿಬಣ್ಣದ ಚರ್ಮವುಳ್ಳ ಜನರ ನಾಡಿಗೆ ಈ ಕೆಲಸ ಇನ್ನೂ ಮುಖ್ಯವಾದುದೆಂದು ಬೇರೆ ಹೇಳಬೇಕಾಗಿಲ್ಲ.

ಅಬಿಡ್ಸಿನ ಮನೆಯಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಈ ಚರಿತ್ರೆಯೊಳಗೆ ಬರುವುದು ಇಲ್ಲಿ. ಅಲ್ಲಿನ ರಸಾಯನಶಾಸ್ತ್ರ ವಿಭಾಗದ ಪ್ರಾಧ್ಯಾಪಕರಾಗಿದ್ದ ಭಾಸ್ಕರ ಮಯ್ಯ ಅವರ ಕುಲನಾಮ ಕನ್ನಡ ಕರಾವಳಿಯವರಿಗೆ ಚೆನ್ನಾಗಿ ಪರಿಚಿತವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿ. ಕೃಷ್ಣನ್ ಅವರೊಡನೆ ಪಾರ್ಫಿರಿನ್ ಅಣುಗಳಲ್ಲಿ ಬೆಳಕು ಉಂಟುಮಾಡುವ ಎಲೆಕ್ಟ್ರಾನ್ ಚಲನೆಯನ್ನು ಅವರು ಅಭ್ಯಾಸ ಮಾಡಿದರು. ತರುವಾಯ ಅಮೆರಿಕದ ಟೆಕ್ಸಾಸಿನಲ್ಲಿ ಜೊನಾಥನ್ ಸೆಸ್ಲರ್ ಅವರ ತಂಡ ಪಾರ್ಫಿರಿನ್ನಿನ ಉಂಗುರವನ್ನು ಹಿಗ್ಗಿಸಿ ಟೆಕ್ಸಾಫಿರಿನ್ ಎಂಬ ಹೊಸ ಬಣ್ಣಗಳನ್ನು ಕಟ್ಟಿದಾಗ, ಅವು ೭೦೦ ನ್ಯಾನೋಮೀಟರಿನ ಆಚೆಯ ಬೆಳಕನ್ನು ಹೀರಿ ಕೆರಳಿದ ಆಮ್ಲಜನಕವನ್ನು ಸಮರ್ಥವಾಗಿ ಉಂಟುಮಾಡುತ್ತವೆಂದು ತೋರಿಸಿದ ೧೯೮೯ರ ಪ್ರಬಂಧದ ಲೇಖಕರಲ್ಲಿ ಮಯ್ಯ ಅವರೂ ಒಬ್ಬರು. ಹೈದರಾಬಾದಿಗೆ ಬಂದ ಮೇಲೆ ಅವರು ಪಾರ್ಫಿರಿನ್ನುಗಳು ಡಿ.ಎನ್.ಎ.ಯನ್ನು ಹಿಡಿದು ಬೆಳಕಿನಲ್ಲಿ ಕತ್ತರಿಸುವ ಬಗೆಯನ್ನು ತಮ್ಮ ವಿದ್ಯಾರ್ಥಿಗಳೊಡನೆ ಶೋಧಿಸಿದರು. ಅವರ ಅಕಾಲ ಮರಣದಿಂದ ಆ ಶಾಖೆಗೆ ನಷ್ಟವಾಯಿತು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅಖಿಲ್ ಚಕ್ರವರ್ತಿ ಅವರು ತಾಮ್ರ, ಕಬ್ಬಿಣ, ವೆನೇಡಿಯಂ ಮುಂತಾದ ಲೋಹಗಳ ಸಂಯುಕ್ತಗಳಿಂದ ಇದೇ ಕಾರ್ಯವನ್ನು ಸಾಧಿಸುವ ಸಂಶೋಧನೆಯನ್ನು ದೀರ್ಘಕಾಲ ನಡೆಸಿದರು.

೫

ಈಗ ಚಿನ್ನದ ವಿಷಯ. ೧೮೫೭ರಲ್ಲಿ ಮೈಕೆಲ್ ಫ್ಯಾರಡೆ ಚಿನ್ನವನ್ನು ಅತಿಸೂಕ್ಷ್ಮವಾಗಿ ಒಡೆದು ನೀರಿನಲ್ಲಿ ಹರಡಿದಾಗ ಅದು ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿ ಕಂಡಿತು. ೧೯೦೮ರಲ್ಲಿ ಗುಸ್ತಾವ್ ಮೀ ಇದಕ್ಕೆ ಗಣಿತದ ವಿವರಣೆ ಕೊಟ್ಟನು. ಇಷ್ಟು ಸಣ್ಣ ಕಣದ ಮೇಲೆ ಬೆಳಕಿನ ಅಲೆ ಬಿದ್ದ ಕೂಡಲೇ ಅದರೊಳಗಿನ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ತೂಗಾಡುತ್ತವೆ. ಯಾವ ಅಲೆಗೆ ಹೆಚ್ಚು ತೂಗಾಡುತ್ತವೆಂಬುದು ಕಣದ ಗಾತ್ರ ಮತ್ತು ಆಕಾರವನ್ನು ಅವಲಂಬಿಸಿದೆ. ಹೀರಿದ ಬೆಳಕು ಕೂಡಲೇ ಶಾಖವಾಗಿ ಮಾರ್ಪಡುತ್ತದೆ. ಆಯುರ್ವೇದದ ಸ್ವರ್ಣಭಸ್ಮದಲ್ಲಿಯೂ ನ್ಯಾನೋ ಗಾತ್ರದ ಚಿನ್ನದ ಹರಳುಗಳಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದೆ. ಆದರೆ ಇದರಿಂದ ಪ್ರಾಚೀನರು ಈ ಚಿಕಿತ್ಸೆಯನ್ನು ಬಲ್ಲವರಾಗಿದ್ದರೆಂದು ತೀರ್ಮಾನಿಸುವುದು ಅಭಿಮಾನದ ಮಾತಾದೀತೇ ಹೊರತು ಚರಿತ್ರೆಯ ಮಾತಾಗದು. ಭಸ್ಮದ ಕಣಕ್ಕೆ ಬೆಳಕಿನ ಕೆಲಸವನ್ನು ಯಾರೂ ಒಪ್ಪಿಸಿರಲಿಲ್ಲ.

ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರು. ೨೦೦೩ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದ ನವೋಮಿ ಹ್ಯಾಲಸ್ ಮತ್ತು ಜೆನಿಫರ್ ವೆಸ್ಟ್ ಅವರ ತಂಡ ಮರಳಿನ ಸಾರವಾದ ಸಿಲಿಕದ ಸೂಕ್ಷ್ಮಗೋಲಗಳ ಮೇಲೆ ಚಿನ್ನದ ತೆಳುಪೊರೆ ಹೊದಿಸಿ, ಆ ಕಣಗಳು ೮೦೦ ನ್ಯಾನೋಮೀಟರಿನ ಆಸುಪಾಸಿನ ಅವಕೆಂಪು ಬೆಳಕನ್ನು ಹೀರುವಂತೆ ಮಾಡಿತು. ಇಲಿಗಳ ಗಂತಿಗೆ ಕಣಗಳನ್ನು ಚುಚ್ಚಿ ಬೆಳಕು ಬಿಟ್ಟಾಗ ಗಂತಿ ಮಾತ್ರ ಬೆಂದುಹೋಯಿತು. ೨೦೦೬ರಲ್ಲಿ ಮುಸ್ತಫಾ ಎಲ್-ಸಯೆದ್ ಮತ್ತು ಸಂಗಡಿಗರು ಕಡ್ಡಿಯ ಆಕಾರದ ಚಿನ್ನದ ಕಣಗಳಿಂದ ಇದೇ ಫಲವನ್ನು ಕೋಶಗಳ ಮೇಲೆ ಪಡೆದರು. ೨೦೧೯ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವಿದ್ದ ೧೬ ಮಂದಿ ಮನುಷ್ಯರ ಮೇಲೆ ಚಿನ್ನದ ಪೊರೆಯ ಕಣಗಳು ಪರೀಕ್ಷಿಸಲ್ಪಟ್ಟವು.

ಚಿನ್ನಕ್ಕೆ ಒಂದು ದೋಷವುಂಟು, ಅದು ಕರಗುವುದಿಲ್ಲ. ಕೆಲಸ ಮುಗಿದ ಮೇಲೆ ದೊಡ್ಡ ಕಣಗಳು ಯಕೃತ್ತು, ಗುಲ್ಮಗಳಲ್ಲಿ ಬೀಡುಬಿಡುತ್ತವೆ. ಈ ದೋಷಕ್ಕೆ ಪರಿಹಾರ ಹುಡುಕಿದವರಲ್ಲಿ ಭಾರತೀಯರು ಸೇರಿದ್ದಾರೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು ಕೊಬ್ಬಿನ ಸಣ್ಣ ಚೀಲಗಳ ಮೇಲೆ ಇನ್ನೂ ಸಣ್ಣ ಚಿನ್ನದ ಕಣಗಳನ್ನು ಅಂಟಿಸಿದರು. ಶಾಖದ ಕೆಲಸ ಮುಗಿದ ಮೇಲೆ ಚೀಲ ಒಡೆದು ಕಣಗಳು ಬೇರೆಬೇರೆಯಾಗಿ ದೇಹದಿಂದ ಹೊರಬೀಳಲು ಅನುಕೂಲವಾಗುತ್ತದೆಂದು ೨೦೧೫ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಆ ಪ್ರಬಂಧದ ಮೊದಲ ಲೇಖಕರಾದ ಅರವಿಂದ ಕುಮಾರ್ ರೆಂಗನ್ ಅವರು ಬಳಿಕ ಹೈದರಾಬಾದಿನ ಐ.ಐ.ಟಿ.ಯಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದರು. ೨೦೦೮ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ನಗರದ ಹೊರಗೆ ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿದೆ.

ಇಷ್ಟೆಲ್ಲ ಶ್ರಮದ ನಡುವೆ ಚರ್ಮದ ರೋಗಿಯ ಬಳಿಗೆ ಔಷಧವಾಗಿ ಮೊದಲು ತಲುಪಿದ ನ್ಯಾನೋವಸ್ತು ಚಿನ್ನವಾಗಿರದೆ ಎಣ್ಣೆಯ ಹನಿಯಾದುದು ಸ್ವಾರಸ್ಯಕರ. ಅಮಿನೋಲೆವುಲಿನಿಕ್ ಆಮ್ಲವನ್ನು ನ್ಯಾನೋ ಗಾತ್ರದ ಎಣ್ಣೆಹನಿಗಳ ಲೇಪದಲ್ಲಿ ಬೆರೆಸಿದರೆ ಅದು ಚರ್ಮದೊಳಕ್ಕೆ ಚೆನ್ನಾಗಿ ಇಳಿಯುತ್ತದೆ. ಇಂಥ ಲೇಪವೊಂದು ೨೦೧೧ರಲ್ಲಿ ಯೂರೋಪಿನಲ್ಲಿ ಬಿಸಿಲುಗಾಯದ ಮಚ್ಚೆಗಳಿಗೂ ೨೦೧೭ರಲ್ಲಿ ತಳಕೋಶದ ಅರ್ಬುದಕ್ಕೂ ಒಪ್ಪಿಗೆ ಪಡೆಯಿತು. ಚಿನ್ನದ ಕಣಗಳಾದರೋ ಚರ್ಮದ ಅರ್ಬುದಕ್ಕೆ ಸಾಮಾನ್ಯ ಚಿಕಿತ್ಸೆಯೆಂಬ ಪದವಿಯನ್ನು ಇನ್ನೂ ಪಡೆದಿಲ್ಲ. ಇದಕ್ಕೆ ಒಂದು ಕಾರಣವನ್ನು ಟೊರಾಂಟೊ ನಗರದ ವಾರನ್ ಚಾನ್ ಮತ್ತು ಸಂಗಡಿಗರು ೨೦೧೬ರಲ್ಲಿ ಮುಂದಿಟ್ಟರು. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರೆ, ರಕ್ತಕ್ಕೆ ಕೊಟ್ಟ ನ್ಯಾನೋಕಣಗಳಲ್ಲಿ ಗಂತಿಗೆ ಮುಟ್ಟಿದುದು ನಡುಮಟ್ಟದ ಲೆಕ್ಕದಲ್ಲಿ ನೂರಕ್ಕೆ ೦.೭ ಪಾಲು ಮಾತ್ರ. ಚರ್ಮದ ಅರ್ಬುದ ಕಣ್ಣೆದುರಿಗೇ ಇರುವುದರಿಂದ ಲೇಪವನ್ನೋ ಸೂಜಿಯನ್ನೋ ನೇರವಾಗಿ ಬಳಸಬಹುದು, ಬೆಳಕನ್ನೂ ನೇರವಾಗಿ ಬಿಡಬಹುದು. ಈ ವಿದ್ಯೆಯ ಮೊದಲ ಪರೀಕ್ಷೆಗೆ ಚರ್ಮವೇ ತಕ್ಕ ಸ್ಥಳವೆಂಬ ವಾದಕ್ಕೆ ಬಲವಿರುವುದು ಈ ಕಾರಣದಿಂದ.

೬

ಪ್ರಾಣಿಗಳ ಮೇಲೆ ಕಂಡ ಫಲ ಮನುಷ್ಯರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆಯನ್ನು ಹೈದರಾಬಾದು ನಗರ ಹಿಂದೊಮ್ಮೆ ಜಗತ್ತಿನ ಮುಂದೆ ಎದುರಿಸಿದೆ. ಅಬಿಡ್ಸಿನಿಂದ ಅನತಿದೂರದ ಕೋಠಿಯ ರೆಸಿಡೆನ್ಸಿಯಲ್ಲಿ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ, ಹೈದರಾಬಾದ್ ವೈದ್ಯಶಾಲೆಯ ಮುಖ್ಯಸ್ಥನೂ ಆಗಿದ್ದನು. ಕ್ಲೋರೋಫಾರಂ ಎಂಬ ಅರಿವಳಿಕೆ ಕೊಲ್ಲುವುದಾದರೆ ಉಸಿರನ್ನು ನಿಲ್ಲಿಸಿ ಕೊಲ್ಲುತ್ತದೆ, ಹೃದಯವನ್ನು ನೇರವಾಗಿ ಬಾಧಿಸುವುದಿಲ್ಲವೆಂಬುದು ಅವನ ದೃಢವಾದ ನಂಬಿಕೆ. ೧೮೮೮ರಲ್ಲಿ ನಿಜಾಮರ ನೆರವಿನಿಂದ ನಡೆದ ಮೊದಲ ಆಯೋಗ ನೂರಕ್ಕೂ ಹೆಚ್ಚು ನಾಯಿಗಳ ಮೇಲೆ ಪ್ರಯೋಗ ಮಾಡಿ ಅವನ ಮಾತನ್ನೇ ಎತ್ತಿಹಿಡಿಯಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮರು ಸಾವಿರ ಪೌಂಡು ಕೊಟ್ಟು, ಪತ್ರಿಕೆಯೇ ತನ್ನ ಪ್ರತಿನಿಧಿಯನ್ನು ಕಳುಹಿಸಲೆಂದು ಆಹ್ವಾನಿಸಿದರು. ೧೮೮೯ರಲ್ಲಿ ಲಾಡರ್ ಬ್ರಂಟನ್ ಬಂದು ಎರಡನೆಯ ಆಯೋಗದಲ್ಲಿ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕೊನೆಗೆ ಲಾರಿಯ ಪಕ್ಷವನ್ನೇ ಒಪ್ಪಿಕೊಂಡನು. ಆದರೆ ೧೯೧೧ರಲ್ಲಿ ಇಂಗ್ಲೆಂಡಿನ ಎ. ಜಿ. ಲೆವಿ ಹಗುರವಾದ ಕ್ಲೋರೋಫಾರಂ ಕೂಡ ಹೃದಯದ ಬಡಿತವನ್ನು ಹಠಾತ್ತನೆ ಕೆಡಿಸಿ ಕೊಲ್ಲಬಲ್ಲುದೆಂದು ತೋರಿಸಿದನು. ಅಷ್ಟು ಹಣ, ಅಷ್ಟು ಪ್ರಯೋಗ, ಅಷ್ಟು ಪ್ರಾಮಾಣಿಕತೆಗಳಿದ್ದೂ ಹೈದರಾಬಾದಿನ ತೀರ್ಮಾನ ನಿಲ್ಲಲಿಲ್ಲ.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ವಿವಾದವನ್ನು ಮಾತಿನಿಂದ ತೀರಿಸದೆ, ಎದುರಾಳಿಯನ್ನೇ ಕರೆಸಿ ಅವನ ಕಣ್ಣೆದುರಿಗೆ ಪರೀಕ್ಷೆ ಮಾಡಿಸಿದ ಧೈರ್ಯ ಮೊದಲನೆಯದು. ಬಾವಂಚಿಯ ಚರಿತ್ರೆಯಲ್ಲಿ ಕಾಣದೆ ಹೋದುದು ಇದೇ. ಸೊರಾಲೆನ್ ಬೆಂಗಳೂರಿನಲ್ಲಿ ಶುದ್ಧರೂಪದಲ್ಲಿ ದೊರೆತ ಮೇಲೆ ಅದನ್ನು ಅಳೆದ ಬೆಳಕಿನೊಡನೆ ಪರೀಕ್ಷಿಸಿ ನೋಡಿದ ಬಾಸ್ಟನ್ನಿನ ವರದಿಗೆ ನಾಲ್ವತ್ತೊಂದು ವರ್ಷ ಕಾಯಬೇಕಾಯಿತು. ಪ್ರಾಣಿಗಳ ಮೇಲಿನ ಫಲವನ್ನು ಮನುಷ್ಯರಿಗೆ ಅವಸರದಿಂದ ಅನ್ವಯಿಸಬಾರದೆಂಬುದು ಎರಡನೆಯ ಪಾಠ. ಇಲಿಯ ಚರ್ಮ ತೆಳುವು, ಅದರ ಗಂತಿ ಪ್ರಯೋಗಕ್ಕಾಗಿ ಬೆಳೆಸಿದ್ದು, ಅದರ ಆಯುಷ್ಯ ಎರಡು ಮೂರು ವರ್ಷದ್ದು. ೧೯೭೯ರಲ್ಲಿ ಸ್ಟರ್ನ್ ಕಂಡ ಬಗೆಯ ತಡವಾದ ಅಪಾಯವನ್ನು ಇಲಿ ತೋರಿಸಿಕೊಡಲಾರದು.

ಭಾರತದ ರೋಗಿಯ ಸ್ಥಿತಿಯೂ ಪಾಶ್ಚಾತ್ಯ ರೋಗಿಯಂಥದಲ್ಲ. ಮೆಲನಿನ್ನಿನ ರಕ್ಷಣೆಯಿಂದ ಚರ್ಮದ ಅರ್ಬುದ ಈ ದೇಶದಲ್ಲಿ ಬಿಳಿಯರಲ್ಲಿರುವುದಕ್ಕಿಂತ ಬಹಳ ವಿರಳ. ಬಂದಾಗ ಅದು ಮುಖದಲ್ಲಿಯೋ, ಹಳೆಯ ಸುಟ್ಟಗಾಯದ ಕಲೆಯಲ್ಲಿಯೋ, ಕಾಶ್ಮೀರದಲ್ಲಿ ಕಾಂಗ್ಡಿ ಎಂಬ ಅಗ್ಗಿಷ್ಟಿಕೆಯ ಬಿಸಿ ತಾಗಿದ ಹೊಟ್ಟೆ ತೊಡೆಗಳಲ್ಲಿಯೋ ಕಾಣಿಸಿಕೊಳ್ಳುತ್ತದೆ. ಮೆಲನೋಮ ಎಂಬ ಅತ್ಯಂತ ಉಗ್ರವಾದ ಬಗೆ ಅಂಗಾಲಿನಲ್ಲಿ ಹುಟ್ಟಿ, ಮುಳ್ಳು ಚುಚ್ಚಿದ ಕಲೆಯೆಂಬ ಭ್ರಮೆಯಿಂದ ಕಾಲಹರಣವಾಗುವುದುಂಟು. ತಳಕೋಶದ ಅರ್ಬುದಕ್ಕೆ ಶಸ್ತ್ರಕ್ರಿಯೆ ನಂಬತಕ್ಕ ಚಿಕಿತ್ಸೆ. ಬೆಳಕಿನ ಚಿಕಿತ್ಸೆಯ ನಂತರ ರೋಗ ಮರುಕಳಿಸುವುದು ಅದಕ್ಕಿಂತ ಹೆಚ್ಚು. ಕಣ್ಣಿನ ರೆಪ್ಪೆ, ಮೂಗಿನ ತುದಿಗಳಂಥ ಕಡೆ, ಕತ್ತಿಯ ಕಲೆ ಬೀಳಬಾರದೆನ್ನುವಲ್ಲಿ, ಶಸ್ತ್ರಕ್ರಿಯೆಯನ್ನು ತಾಳಲಾರದ ವೃದ್ಧರಲ್ಲಿ ಬೆಳಕಿನ ಚಿಕಿತ್ಸೆಗೆ ನಿಜವಾದ ಸ್ಥಾನವುಂಟು. ಅದು ಬಿಳಿಯ ಚರ್ಮದ ಮೇಲೆ ಅಳೆದ ಬೆಳಕಿನ ಪ್ರಮಾಣವನ್ನು ಹಾಗೆಯೇ ಅನುಕರಿಸಿದರೆ ಸಲ್ಲದು. ಕಪ್ಪುಚರ್ಮದಲ್ಲಿ ಬೆಳಕು ಎಷ್ಟು ಇಳಿಯುತ್ತದೆ, ಎಷ್ಟು ಶಾಖ ಮೆಲನಿನ್ನಿನಿಂದ ಹುಟ್ಟುತ್ತದೆ, ಎಷ್ಟು ಚಿನ್ನದಿಂದ ಹುಟ್ಟುತ್ತದೆ ಎಂಬುದನ್ನು ಈ ನೆಲದ ರೋಗಿಗಳಲ್ಲಿಯೇ ಅಳೆಯಬೇಕು.

ಅದಕ್ಕೆ ಬೇಕಾದುದೆಲ್ಲ ಹೈದರಾಬಾದಿನಲ್ಲಿ ಇದೆ. ಮೆಹದಿ ನವಾಜ್ ಜಂಗರ ಹೆಸರಿನ ಅರ್ಬುದ ಆಸ್ಪತ್ರೆ ೧೯೫೫ರಿಂದ ರೆಡ್ ಹಿಲ್ಸ್‌ನಲ್ಲಿ ಬಡ ರೋಗಿಗಳಿಗೆ ಆಸರೆಯಾಗಿದೆ. ಕರ್ನಾಟಕದ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಈ ನಗರ ಬೆಂಗಳೂರಿಗಿಂತ ಹತ್ತಿರ. ಗಚ್ಚಿಬೌಲಿಯಲ್ಲಿ ಬಣ್ಣದ ವಿದ್ಯೆ, ಕಂದಿಯಲ್ಲಿ ಚಿನ್ನದ ವಿದ್ಯೆ, ಎರ್ರಗಡ್ಡದಲ್ಲಿ ಬಾವಂಚಿ ಮತ್ತು ಬಿಸಿಲಿನ ಬಹುಕಾಲದ ಅನುಭವ ಇವೆ. ಇವುಗಳ ನಡುವಣ ಹಾದಿ ಕೆಲವು ಹರದಾರಿಗಳದು. ಮೈಸೂರಿನ ವಿಜ್ಞಾನಿಗಳು ೧೯೩೩ರಲ್ಲಿ ಬೀಜದಿಂದ ಹರಳನ್ನು ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿಂದ ಅದನ್ನು ರೋಗಿಯ ಬಳಿಗೆ ಕೊಂಡೊಯ್ಯುವ ವೈದ್ಯ, ಬೆಳಕನ್ನು ಅಳೆಯುವ ಭೌತಶಾಸ್ತ್ರಜ್ಞ, ಹತ್ತು ವರ್ಷ ರೋಗಿಯ ಬೆನ್ನುಹತ್ತಿ ಲೆಕ್ಕ ಬರೆಯುವ ಗುಮಾಸ್ತ ಈ ಮೂವರೂ ಆಗ ಅದರ ಬಳಿ ಇರಲಿಲ್ಲ. ಚಿನ್ನದ ಕಣ ಈಗ ಅದೇ ಮೇಜಿನ ಮೇಲಿದೆ. ಆ ಮೂವರನ್ನು ಒಂದುಗೂಡಿಸುವ ಕೆಲಸ ಇನ್ನೂ ಮುಂದಿದೆ.